ಚರ್ಚ್ ಒಲ್ಲೆ ಅಂದ್ರ ರಿಜಿಸ್ಟ್ರಾರ್ ಆಫೀಸಿನಾಗ ಆಗ್ತದೇನ್ರಿ? ಸಲಿಂಗ ಮದುವಿ, ಸರ್ಕಾರದ ಕಾನೂನು, ಸಭೆಯ ನಿಯಮ

ಬಿದರಿ_ಹೂಜಿ (ಬೀದರ್) ಕೇಳಿದ ಪ್ರಶ್ನೆ

ನಮ್ಮ ಯುವಜನ ಕೂಟದಾಗ ಸಲಿಂಗ ಮದುವಿ ಬಗ್ಗೆ ಮಾತು ಬಂದು ಎಲ್ಲಾ ಕಲಸುಮೇಲೋಗರ ಆಗ್ಯಾದ. ಕೂಟದಾಗ ಮೆಥೊಡಿಸ್ಟರೂ ಇದ್ದಾರ, ಕೆಥೋಲಿಕರೂ ಇದ್ದಾರ. ಸರಿಯೋ ತಪ್ಪೋ ಅನ್ನೋ ವಾದ ನನಗ ಬ್ಯಾಡ, ಅದು ಮುಗಿಯೋದಲ್ಲ. ನಿಯಮ ಏನದ ಅಂತಷ್ಟು ಬಿಡಿಸಿ ಹೇಳ್ರಿ.

ಒಂದು: ಚರ್ಚಿನಾಗ ಆಗಂಗಿಲ್ಲ ಅಂದ್ರ ಅದೇ ಜೋಡಿ ಸ್ಪೆಷಲ್ ಮ್ಯಾರೇಜ್ ಆಕ್ಟ್ (ಧರ್ಮದ ವಿಧಿ ಇಲ್ದೆ ಸರ್ಕಾರದ ಮುಂದ ಆಗೋ ಮದುವಿಯ ಕಾಯ್ದೆ) ಅಡಿ ಸಬ್ ರಿಜಿಸ್ಟ್ರಾರ್ ಹತ್ರ ಮದುವಿ ಆಗಬಹುದೇನು? 2018ರಾಗೇ ಸುಪ್ರೀಂ ಕೋರ್ಟ್ ಒಪ್ಪೇದ ಅಂತ ಒಬ್ಬ ಹಟ ಹಿಡದಾನ. ಎರಡು: ಅಮೆರಿಕದ ಮೆಥೊಡಿಸ್ಟರು 2024ರಾಗ ಇದಕ್ಕ ದಾರಿ ಬಿಟ್ಟಾರಂತ, ಅದು ನಮ್ಮ ಸಭೆಗೂ ಹತ್ತತದೇನು? ಮೂರು: ಪೋಪ್ ಆಶೀರ್ವಾದ ಮಾಡ್ರಿ ಅಂದಾರಂತ, ಅದು ಮದುವಿಗೆ ಸಮ ಏನು? ನಾಲ್ಕು: ನಾಳೆ ಸಂಸತ್ತು ಕಾನೂನು ಮಾಡಿದ್ರ ಪಾಸ್ಟರು ಒಲ್ಲೆ ಅನ್ನೋಕೆ ಬರ್ತದೋ ಇಲ್ಲೋ?

ಕಪ್ಪು_ಕೋಟು (ಕಲಬುರಗಿ)

ಮೊದಲು 2018ರ ಹಟ ಬಿಡಿಸೋಣ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟೇ: ಒಪ್ಪಿಗೆಯಿರುವ ಇಬ್ಬರು ವಯಸ್ಕರ ಖಾಸಗಿ ಸಂಬಂಧ ಅಪರಾಧವಲ್ಲ, ದಂಡಸಂಹಿತೆಯ 377ನೇ ಕಲಂ ಅಲ್ಲಿಗೆ ಅನ್ವಯಿಸುವುದಿಲ್ಲ. ಮದುವೆಯ ಪ್ರಶ್ನೆ ಆ ಪ್ರಕರಣದಲ್ಲಿ ಇರಲೇ ಇಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ 377ಕ್ಕೆ ಸಮನಾದ ಕಲಮೇ ಇಲ್ಲ. ಆದರೆ ಅಪರಾಧವಲ್ಲ ಎನ್ನುವುದಕ್ಕೂ ಮದುವೆಯೆಂದು ನೋಂದಾಯಿಸುತ್ತೇವೆ ಎನ್ನುವುದಕ್ಕೂ ಬಹಳ ಅಂತರವಿದೆ.

ಮದುವೆಯ ಪ್ರಶ್ನೆಗೆ ಉತ್ತರ ಬಂದದ್ದು 2023ರ ಅಕ್ಟೋಬರ್ 17ರಂದು, ಸುಪ್ರಿಯೋ ಪ್ರಕರಣದಲ್ಲಿ. ಪೀಠದಲ್ಲಿ ಐವರು. ಐವರೂ ಒಮ್ಮತದಿಂದ ಹೇಳಿದ್ದು: ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟು ಕೂತು ತಿದ್ದಲಾಗದು, ಅದು ಶಾಸಕಾಂಗದ ಕೆಲಸ. ಮತಭೇದ ಬಂದದ್ದು ಬೇರೆ ಎರಡು ಕಡೆ. ಮದುವೆಯಲ್ಲದಿದ್ದರೂ ಕಾನೂನು ಗುರುತಿಸುವ ‘ಸಿವಿಲ್ ಯೂನಿಯನ್’ ಹಕ್ಕು ಬೇಕು, ಅವಿವಾಹಿತ ಜೋಡಿಗೂ ಜಂಟಿ ದತ್ತು ಸಿಗಬೇಕು ಎಂದವರು ಇಬ್ಬರು, ಬೇಡ ಎಂದವರು ಮೂವರು. ಪತ್ರಿಕೆಗಳಲ್ಲಿ ‘3:2 ತೀರ್ಪು’ ಎಂದು ಓದಿದವರು ಮದುವೆಯ ಪ್ರಶ್ನೆಯೂ ಕೂದಲೆಳೆಯಲ್ಲಿ ತಪ್ಪಿತು ಎಂದುಕೊಳ್ಳುತ್ತಾರೆ. ಹಾಗಲ್ಲ, ಅದು 5:0. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿ 9ರಂದು ವಜಾ ಆದವು.

ಅದೇ ತೀರ್ಪಿನ ಇನ್ನೊಂದು ಅಂಶ ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಯೊಬ್ಬರು ಗಂಡು-ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿರುವ ಕಾನೂನಿನಡಿಯೇ ಮದುವೆಯಾಗಬಹುದು ಎಂದು ಐವರೂ ಒಪ್ಪಿದ್ದಾರೆ. ಟ್ರಾನ್ಸ್ ಮಹಿಳೆಯೂ ‘ವಧು’ವೇ ಎಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಹೇಳಿತ್ತು. ಆದ್ದರಿಂದ ಎಲ್ಲವನ್ನೂ ಒಂದೇ ಗಂಟು ಕಟ್ಟಬೇಡಿ.

ಈಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರೋಣ. 1954ರ ವಿಶೇಷ ವಿವಾಹ ಕಾಯ್ದೆಯ 4ನೇ ಕಲಂ ‘ಯಾವುದೇ ಇಬ್ಬರು ವ್ಯಕ್ತಿಗಳು’ ಎಂದೇ ಶುರುವಾಗುತ್ತದೆ. ಸುಪ್ರಿಯೋ ಪ್ರಕರಣದ ಅರ್ಜಿದಾರರು ಹಿಡಿದದ್ದು ಆ ಮಾತನ್ನೇ. ಆದರೆ ಅದೇ ಕಲಮಿನ ಉಪವಾಕ್ಯ ‘ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು’ ಎನ್ನುತ್ತದೆ. ಮುಂದೆ ವಿಚ್ಛೇದನ, ಜೀವನಾಂಶ, ಉತ್ತರಾಧಿಕಾರದ ಕಲಮುಗಳೂ ಗಂಡ-ಹೆಂಡತಿ ಎಂಬ ಲೆಕ್ಕದಲ್ಲೇ ನಿಂತಿವೆ. ಒಂದು ಪದ ಬದಲಿಸಿದರೆ ಬೇರೆ ಹತ್ತಾರು ಕಾಯ್ದೆಗಳಲ್ಲಿ ಹೊಲಿಗೆ ಬಿಚ್ಚುತ್ತದೆ ಎಂಬುದೇ ಕೋರ್ಟು ಹಿಂದೆ ಸರಿದದ್ದಕ್ಕೆ ಒಂದು ಮುಖ್ಯ ಕಾರಣ. ಹಾಗಾಗಿ ಅರ್ಜಿ ಕೊಟ್ಟರೂ ವಿವಾಹಾಧಿಕಾರಿ ತಿರಸ್ಕರಿಸಲೇಬೇಕಾಗುತ್ತದೆ. ಅವರನ್ನು ಬೈದು ಫಲವಿಲ್ಲ.

ಇನ್ನೊಂದು ಎಚ್ಚರಿಕೆ. ಈ ಕಾಯ್ದೆಯಡಿ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು. ನೋಟಿಸನ್ನು ಕಚೇರಿಯಲ್ಲಿ ಎದ್ದುಕಾಣುವ ಕಡೆ ಅಂಟಿಸುತ್ತಾರೆ, ನೋಟಿಸ್ ಪುಸ್ತಕವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು, ತಕರಾರಿಗೆ 30 ದಿನ ಅವಕಾಶ. ‘ಕೊಟ್ಟು ನೋಡೋಣ’ ಎಂದು ಹೋದ ಜೋಡಿಗೆ ಸಿಗುವುದು ಮದುವೆಯಲ್ಲ, ಊರಿಗೆಲ್ಲ ಹೆಸರು-ವಿಳಾಸ ಬಯಲಾಗುವ ಅಪಾಯ.

ರಿಜಿಸ್ಟರ್_ಪುಸ್ತಕ (ಕಲಬುರಗಿ)

ಮೇಲಿನವರು ಸರ್ಕಾರದ ಕಡೆ ಹೇಳಿದ್ದಾರೆ. ಗೊಂದಲದ ಬೇರು ಎಲ್ಲಿದೆ ಎಂದರೆ, ನಮ್ಮ ದೇಶದಲ್ಲಿ ಪಾಸ್ಟರ್ ಅಥವಾ ಫಾದರ್ ಮದುವೆ ಮಾಡಿಸುವಾಗ ಒಂದೇ ಹೊತ್ತಿನಲ್ಲಿ ಎರಡು ಕೆಲಸ ಮಾಡುತ್ತಿರುತ್ತಾರೆ. ವೇದಿಯ ಮುಂದೆ ಸಭೆಯ ವಿಧಿ, ಆಮೇಲೆ ಮೇಜಿನ ಮೇಲೆ ಸರ್ಕಾರದ ರಿಜಿಸ್ಟರು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಕಲಂ ಅವರಿಗೆ ಆ ಅಧಿಕಾರ ಕೊಟ್ಟಿದೆ. ಬಿಷಪ್‌ರಿಂದ ದೀಕ್ಷೆ ಪಡೆದ ಪಾದ್ರಿ ತನ್ನ ಸಭೆಯ ನಿಯಮ, ವಿಧಿ, ರೂಢಿಯ ಪ್ರಕಾರ ಮಾಡಿಸಬಹುದು, ಲೈಸೆನ್ಸ್ ಪಡೆದ ಸಭಾಪಾಲಕ ಮಾಡಿಸಬಹುದು, ಮ್ಯಾರೇಜ್ ರಿಜಿಸ್ಟ್ರಾರ್ ಮಾಡಿಸಬಹುದು. ಇಬ್ಬರು ನಂಬಲರ್ಹ ಸಾಕ್ಷಿಗಳ ಸಹಿ ಬೇಕು. (ವಿಶೇಷ ವಿವಾಹ ಕಾಯ್ದೆಗೆ ಮೂವರು. ಇಬ್ಬರನ್ನೇ ಕರೆದುಕೊಂಡು ಹೋಗಿ ವಾಪಸ್ ಬರುವವರು ಬಹಳ.)

ಫ್ರಾನ್ಸಿನಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿ ಮೊದಲು ಪುರಭವನದಲ್ಲಿ ಸರ್ಕಾರಿ ಮದುವೆ, ಬೇಕಾದವರು ಆಮೇಲೆ ಚರ್ಚಿಗೆ ಹೋಗುತ್ತಾರೆ. ಸರ್ಕಾರಿ ಮದುವೆಗೆ ಮುಂಚೆ ಧಾರ್ಮಿಕ ಮದುವೆ ಮಾಡಿಸುವುದನ್ನೇ ರೂಢಿ ಮಾಡಿಕೊಂಡ ಪಾದ್ರಿಗೆ ಶಿಕ್ಷೆಯೂ ಇದೆ. 2013ರಲ್ಲಿ ಅಲ್ಲಿ ಸಲಿಂಗ ಮದುವೆ ಬಂದಾಗ ಬದಲಾದದ್ದು ಪುರಭವನದ ನಿಯಮ, ಕೆಥೋಲಿಕ್ ಚರ್ಚಿನ ಒಂದು ಸಾಲೂ ಅಲುಗಲಿಲ್ಲ. ನಮ್ಮಲ್ಲಿ ಎರಡೂ ಒಬ್ಬರ ಕೈಯಲ್ಲೇ ಇರುವುದರಿಂದ ಒಂದು ಬದಲಾದರೆ ಇನ್ನೊಂದೂ ತಾನಾಗಿ ಬದಲಾಗುತ್ತದೆ ಎಂಬ ಭಾವನೆ ಬೆಳೆದಿದೆ.

ಎರಡೂ ಬೇರೆ ಎಂಬುದಕ್ಕೆ ಸಲಿಂಗ ಮದುವೆಯ ಉದಾಹರಣೆಯೇ ಬೇಕಿಲ್ಲ. ಕೆಥೋಲಿಕ್ ಹುಡುಗ-ಹುಡುಗಿ ಬರೀ ಸಬ್ ರಿಜಿಸ್ಟ್ರಾರ್ ಹತ್ತಿರ ಮದುವೆಯಾದರೆ ಸರ್ಕಾರದ ಲೆಕ್ಕದಲ್ಲಿ ಗಂಡ-ಹೆಂಡತಿ. ಧರ್ಮಸಭೆಯ ಲೆಕ್ಕದಲ್ಲಿ ಮದುವೆಯೇ ಆಗಿಲ್ಲ, ಏಕೆಂದರೆ ಕ್ಯಾನನ್ (ಕೆಥೋಲಿಕ್ ಧರ್ಮಸಭೆಯ ನಿಯಮ) 1108ರ ಪ್ರಕಾರ ಅಧಿಕಾರವುಳ್ಳ ಗುರು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆ ಕೊಟ್ಟಿಲ್ಲ. ತಿರುಗಿಸಿ ನೋಡಿ. ಧರ್ಮಕ್ಷೇತ್ರದ ನ್ಯಾಯಮಂಡಳಿ ಮದುವೆ ಅಸಿಂಧು ಎಂದು ಘೋಷಿಸಿದರೂ ಸರ್ಕಾರದ ಲೆಕ್ಕದಲ್ಲಿ ಮದುವೆ ಉಳಿದೇ ಇರುತ್ತದೆ. 1996ರ ಮಾಲಿ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಚರ್ಚ್ ನ್ಯಾಯಮಂಡಳಿಯ ಬಿಡುಗಡೆಗೆ ಕಾನೂನಿನ ಬಲ ಕೊಡಿ ಎಂದು ದಕ್ಷಿಣ ಕನ್ನಡದಿಂದ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನೂ 2017ರ ಜನವರಿಯಲ್ಲಿ ವಜಾ ಮಾಡಿತು. ಚರ್ಚಿನ ಕಾಗದ ಹಿಡಿದು, ಕೋರ್ಟಿನ ಡಿಕ್ರಿ ಇಲ್ಲದೆ ಮತ್ತೊಂದು ಮದುವೆಯಾದರೆ ಅದು ದ್ವಿಪತ್ನಿತ್ವದ ಅಪರಾಧ. ನ್ಯಾಯ ಸಂಹಿತೆಯ 82ನೇ ಕಲಂ, ಏಳು ವರ್ಷದವರೆಗೆ ಜೈಲು.

ಇನ್ನು ಕೆಥೋಲಿಕ್ ನಿಯಮ. 1983ರ ಕ್ಯಾನನ್ ಸಂಹಿತೆಯ 1055ನೇ ನಿಯಮವೇ ಮದುವೆಯನ್ನು ಗಂಡು-ಹೆಣ್ಣಿನ ನಡುವಿನ ಒಡಂಬಡಿಕೆ ಎಂದು ಹೇಳುತ್ತದೆ. ಇದು ಫಾರ್ಮು ತುಂಬುವ ನಿಯಮವಲ್ಲ, ಮದುವೆ ಎಂದರೇನು ಎನ್ನುವ ನಿಯಮ. ವ್ಯತ್ಯಾಸ ದೊಡ್ಡದು. ರಿಜಿಸ್ಟರ್ ಮದುವೆಯಾದ ಕೆಥೋಲಿಕ್ ಜೋಡಿಗೆ ಕೊರತೆ ಇರುವುದು ವಿಧಾನದಲ್ಲಿ. ಆಮೇಲೆ ಚರ್ಚಿನಲ್ಲಿ ಮದುವೆ ಸರಿಪಡಿಸಿಕೊಳ್ಳಬಹುದು, ದಾರಿ ಇದೆ. ಬೇರೆ ಧರ್ಮದವರನ್ನು ಮದುವೆಯಾಗಲು ಧರ್ಮಾಧ್ಯಕ್ಷರಿಂದ ವಿನಾಯಿತಿ ತರಬಹುದು. ಸಲಿಂಗ ಜೋಡಿಗೆ ಈ ಎರಡೂ ದಾರಿ ಇಲ್ಲ. ವಿನಾಯಿತಿ ಕೊಡುವ ಅಧಿಕಾರ ಕಲಬುರಗಿಯ ಧರ್ಮಾಧ್ಯಕ್ಷರಿಗೂ ಇಲ್ಲ, ರೋಮಿನಲ್ಲೂ ತಮಗಿಲ್ಲವೆಂದೇ ಹೇಳುತ್ತಾರೆ. ‘ಒಬ್ಬ ಉದಾರ ಫಾದರ್ ಸಿಕ್ಕರೆ ಸಾಕು’ ಎನ್ನುವವರು ಇದನ್ನು ಗಮನಿಸಿ.

ಪೋಪ್ ಆಶೀರ್ವಾದದ ವಿಷಯ: ಅದು 2023ರ ಡಿಸೆಂಬರ್ 18ರ ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ಘೋಷಣೆ, ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ವಿಭಾಗದ್ದು, ಪೋಪ್ ಫ್ರಾನ್ಸಿಸ್ ಒಪ್ಪಿಗೆಯೊಂದಿಗೆ. ಅದೇ ವಿಭಾಗ 2021ರಲ್ಲಿ ಇಂಥ ಜೋಡಿಯನ್ನು ಆಶೀರ್ವದಿಸುವ ಅಧಿಕಾರ ಧರ್ಮಸಭೆಗಿಲ್ಲ ಎಂದಿತ್ತು, ಹಾಗಾಗಿ ಬದಲಾವಣೆ ಆಗಿದೆ ಎನ್ನುವುದು ನಿಜ. ಆದರೆ ಎಷ್ಟು? ಮುಂದೆ ಬಂದು ಕೇಳಿಕೊಂಡ ಜೋಡಿಗೆ ಗುರು ಸಹಜವಾಗಿ, ಚುಟುಕಾಗಿ ಪ್ರಾರ್ಥಿಸಿ ಆಶೀರ್ವದಿಸಬಹುದು. ಅದಕ್ಕೆ ನಿಗದಿತ ಪೂಜಾವಿಧಿ ಇರಬಾರದು. ಸಿವಿಲ್ ಮದುವೆಯ ಸಮಾರಂಭದ ಜೊತೆಗೆ ನಡೆಯಬಾರದು. ಮದುವೆಗೆ ಸಲ್ಲುವ ಉಡುಪು, ಮಾತು, ಸನ್ನೆ ಯಾವುದೂ ಇರಬಾರದು. ಗಲಾಟೆ ಎದ್ದ ಮೇಲೆ 2024ರ ಜನವರಿ 4ರಂದು ಕೊಟ್ಟ ವಿವರಣೆಯಲ್ಲಿ ಇದು ಹತ್ತು ಹದಿನೈದು ಸೆಕೆಂಡಿನ ಮಾತು ಎಂದರು. ಹತ್ತು ಸೆಕೆಂಡಿನ ಪ್ರಾರ್ಥನೆಯನ್ನು ಕೆಲವು ಟಿವಿಯವರು ಮದುವೆ ಮಾಡಿಬಿಟ್ಟರು! ರಿಜಿಸ್ಟರಿನಲ್ಲಿ ಅದು ಬರುವುದಿಲ್ಲ, ಸರ್ಟಿಫಿಕೇಟ್ ಇಲ್ಲ, ಕಾನೂನಿನ ಪರಿಣಾಮವೂ ಇಲ್ಲ.

ಒಂದು ಕ್ಯಾನನ್ ಮಾತ್ರ ಎರಡೂ ಲೋಕವನ್ನು ಜೋಡಿಸುತ್ತದೆ, 1071. ಸರ್ಕಾರದ ಕಾನೂನು ಗುರುತಿಸದ ಅಥವಾ ಆ ಕಾನೂನಿನಂತೆ ಮಾಡಲಾಗದ ಮದುವೆಗೆ, ತುರ್ತಿನ ಹೊರತು, ಸ್ಥಳೀಯ ಧರ್ಮಾಧ್ಯಕ್ಷರ ಅನುಮತಿ ಇಲ್ಲದೆ ಗುರು ನಿಲ್ಲಬಾರದು. ವಧುವಿಗೆ 18 ತುಂಬದಿದ್ದರೆ ಧರ್ಮಕೇಂದ್ರದಲ್ಲಿ ಮೊದಲು ಎದುರಾಗುವ ತಡೆಗಳಲ್ಲಿ ಇದೂ ಒಂದು. ಅಂದರೆ ಸರ್ಕಾರ ‘ಇಲ್ಲ’ ಎಂದರೆ ಧರ್ಮಸಭೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸರ್ಕಾರ ‘ಹೌದು’ ಎಂದರೆ ಧರ್ಮಸಭೆಯೂ ಹೌದು ಎನ್ನಬೇಕೆಂದು ಹೇಳುವ ಕ್ಯಾನನ್ ಯಾವುದೂ ಇಲ್ಲ.

ಕಾರಂಜಾ_ನೀರು (ಬೀದರ್)

ಮೆಥೊಡಿಸ್ಟ್ ಪ್ರಶ್ನೆಗೆ ನಾ ಹೇಳ್ತೀನಿ. ಮಂಗಲಪೇಟಿಂದ ಯಾದಗಿರಿ ತನಕ ನಮ್ಮ ಹಳೇ ಸಭೆಗಳೆಲ್ಲಾ ಅಮೆರಿಕದ ಮಿಷನರಿಗಳು ಕಟ್ಟಿದ್ದು ಖರೆ. ಅದಕ್ಕೇ ಅಲ್ಲಿ ಏನಾದ್ರೂ ಆದ್ರ ಇಲ್ಲಿಗೂ ಬಂತು ಅಂತ ಅನ್ಕೋತಾರ. ಆದ್ರ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ 1981ರ ಜನವರಿ 7ಕ್ಕ ಸ್ವಾಯತ್ತ ಸಭೆ ಆಗ್ಯಾದ. ಅದಕ್ಕ ಅದರದೇ ‘ಬುಕ್ ಆಫ್ ಡಿಸಿಪ್ಲಿನ್’ (ನಿಯಮದ ಪುಸ್ತಕ) ಅದ, ಆ ನಿಯಮ ಮಾಡೋ ಅದರದೇ ಜನರಲ್ ಕಾನ್ಫರೆನ್ಸ್ ಅದ. ಅಮೆರಿಕದ ಯುನೈಟೆಡ್ ಮೆಥೊಡಿಸ್ಟ್ ಚರ್ಚಿನ ಜೋಡಿ ಸ್ನೇಹ-ಸಂಬಂಧ ಉಳದದ, ಹುಕುಂ ಉಳದಿಲ್ಲ.

2024ರಾಗ ಅಮೆರಿಕದಾಗ ಆಗಿದ್ದೇನು? ಏಪ್ರಿಲ್-ಮೇದಾಗ ಶಾರ್ಲೆಟ್ ಊರಾಗ ಅವರ ಜನರಲ್ ಕಾನ್ಫರೆನ್ಸ್ ಕೂಡಿತ್ತು. ಸಲಿಂಗ ಮದುವಿ ಮಾಡಿಸಬಾರದು, ಸಲಿಂಗಿಗಳಿಗೆ ದೀಕ್ಷೆ ಕೊಡಬಾರದು ಅಂತಿದ್ದ ತಡೆ ತೆಗದ್ರು. 1972ರಿಂದ ಅವರ ಪುಸ್ತಕದಾಗ ಇದ್ದ, ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದಂಗಿಲ್ಲ ಅನ್ನೋ ಸಾಲೂ ಹೋಯ್ತು. ಆದ್ರ ಮಾಡಿಸಲೇಬೇಕು ಅಂತ ಅವರೂ ಹೇಳಿಲ್ಲ, ಪಾಸ್ಟರಿಗೆ ಬಿಟ್ಟಾರ. ಬ್ರಿಟನ್ನಿನ ಮೆಥೊಡಿಸ್ಟರು ಇನ್ನೂ ಮುಂಚೆ, 2021ರ ಜೂನ್ 30ಕ್ಕ ಒಪ್ಪಿದ್ರು. ಅಲ್ಲೂ ಆಯಾ ಚರ್ಚಿನ ಟ್ರಸ್ಟಿಗಳು ತಾವಾಗಿ ‘ನಮ್ಮ ಕಟ್ಟಡದಾಗ ಆಗಲಿ’ ಅಂತ ನಿರ್ಣಯ ಮಾಡಿದ್ರ ಮಾತ್ರ.

ಇವೆರಡೂ ನಮಗ ಹತ್ತಂಗಿಲ್ಲ. ನಮ್ಮಲ್ಲಿ ಮದುವಿ ಅಂದ್ರ ಗಂಡು-ಹೆಣ್ಣಿಂದೇ. ಬದಲು ಆಗಬೇಕಂದ್ರ ಭಾರತದ ಜನರಲ್ ಕಾನ್ಫರೆನ್ಸೇ ಡಿಸಿಪ್ಲಿನ್ ತಿದ್ದಬೇಕು. ಊರ ಪಾಸ್ಟರ್, ಸಭೆಯ ಕಮಿಟಿ, ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ಯಾರ ಕೈಯಾಗೂ ಇಲ್ಲ, ಬಿಷಪ್ ಒಬ್ಬರೇ ಬರದುಕೊಟ್ರೂ ಆಗಂಗಿಲ್ಲ. ಪಾಸ್ಟರ್ ತಾನೇ ಮುಂದಾಗಿ ಮಾಡಿಸಿದ್ರ ಶಿಸ್ತುಕ್ರಮ ಎದುರಿಸಬೇಕಾಗ್ತದ.

ಇನ್ನೊಂದು ಮಾತು, ಯಾರೂ ಕೇಳಿಲ್ಲ ಆದ್ರೂ ಹೇಳ್ತೀನಿ. ನಮ್ಮ ಮೂರೂ ಜಿಲ್ಲಾದಾಗ ಸ್ವತಂತ್ರ ಪ್ರಾರ್ಥನಾ ಮಂದಿರಗಳು ಬಾಳ ಆಗ್ಯಾವ. ಆ ಪಾಸ್ಟರುಗಳಾಗ 1872ರ ಕಾಯ್ದೆಯ ಲೈಸೆನ್ಸ್ ಇದ್ದವರೂ ಅದಾರ, ಇಲ್ಲದವರೂ ಅದಾರ. ಇಲ್ಲದವರು ಕ್ರೈಸ್ತರ ಮದುವಿ ಮಾಡಿಸಿದ್ರ ಗಂಡು-ಹೆಣ್ಣಿನ ಮದುವೀನೂ 4ನೇ ಕಲಮಿನಂಗ ಶೂನ್ಯ, ಮಾಡಿಸಿದವರಿಗೆ 68ನೇ ಕಲಮಿನಾಗ ಹತ್ತು ವರ್ಷದ ತನಕ ಶಿಕ್ಷೆ. ಅಂಥವರು ಸಲಿಂಗ ಜೋಡಿಗೆ ‘ನಾ ಮಾಡಿಸಿ ಸರ್ಟಿಫಿಕೇಟ್ ಕೊಡ್ತೀನಿ’ ಅಂದ್ರ ನಂಬಬ್ಯಾಡ್ರಿ. ಪ್ರಾರ್ಥನಾ ಮಾಡ್ರಿ, ಹಾಡ್ರಿ, ಊಟ ಹಾಕ್ರಿ, ಅದಕ್ಕ ಕಾನೂನು ಅಡ್ಡ ಬರಂಗಿಲ್ಲ. ಕಾಗದದ ಮ್ಯಾಲೆ ‘ಮದುವಿ ಪ್ರಮಾಣಪತ್ರ’ ಅಂತ ಬರೀಬಾರದು, ಅಷ್ಟೇ.

ಬಿದರಿ_ಹೂಜಿ (ಬೀದರ್)

ಬಾಳ ಸಾಫ್ ಆಯ್ತು. ಮೂರು ಉಪಪ್ರಶ್ನೆ. ಹೊರದೇಶದಾಗ ಮದುವಿ ಆಗಿ ಬಂದ್ರ? ನೋಟರಿ ಹತ್ರ ಬಾಂಡ್ ಪೇಪರಿನ ಮ್ಯಾಲೆ ಬರಸ್ಕೊಂಡ್ರ? ಮತ್ತ ಈಗ ಜೋಡಿಯಾಗಿ ಇರೋರು ಕಾನೂನಿನ ಪ್ರಕಾರ ಏನೇನು ಮಾಡಿಟ್ಕೋಬೇಕು? ನಾಲ್ಕನೇ ಪ್ರಶ್ನಿನೂ ಉಳದದ.

ಕಪ್ಪು_ಕೋಟು (ಕಲಬುರಗಿ)

ಹೊರದೇಶದ್ದು: ನೆದರ್ಲೆಂಡ್ಸ್‌ನಲ್ಲಿ 2001ರಿಂದ, ತೈವಾನ್‌ನಲ್ಲಿ 2019ರಿಂದ, ಥಾಯ್ಲೆಂಡ್‌ನಲ್ಲಿ 2025ರ ಜನವರಿಯಿಂದ ಸಲಿಂಗ ಮದುವೆ ಊರ್ಜಿತ. ಆ ಸರ್ಟಿಫಿಕೇಟ್ ಆ ದೇಶದಲ್ಲಿ ನಡೆಯುತ್ತದೆ. ಇಲ್ಲಿಗೆ ಬಂದರೆ 1969ರ ವಿದೇಶಿ ವಿವಾಹ ಕಾಯ್ದೆಯೂ ವಧು-ವರ ಎಂಬ ಲೆಕ್ಕದ್ದೇ. 2023ರ ತೀರ್ಪಿನಲ್ಲಿ ಆ ಕಾಯ್ದೆಯೂ ಪ್ರಶ್ನೆಯಲ್ಲಿತ್ತು, ಪರಿಹಾರ ಸಿಗಲಿಲ್ಲ.

ನೋಟರಿ ಬಾಂಡ್: ಮದುವೆಯಲ್ಲ, ಯಾರಿಗೂ ಅಲ್ಲ. ಗಂಡು-ಹೆಣ್ಣಿಗೂ ಅಲ್ಲ. ಮದುವೆ, ವಿಚ್ಛೇದನದ ಪತ್ರ ಮಾಡಿಕೊಡುವ ಅಧಿಕಾರ ನೋಟರಿಗಳಿಗಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಮತ್ತೆ ನೆನಪಿಸಿದೆ. ಬಾಂಡಿನಲ್ಲಿ ‘ಪತಿ-ಪತ್ನಿಯಂತೆ’ ಎಂದೆಲ್ಲ ಬರೆಸಲು ಸುರಿಯುವ ದುಡ್ಡನ್ನು ಮೃತ್ಯುಪತ್ರಕ್ಕೆ ಹಾಕಿ.

ನಾಲ್ಕನೇ ಪ್ರಶ್ನೆ. ನಾಳೆ ಸಂಸತ್ತು ವಿಶೇಷ ವಿವಾಹ ಕಾಯ್ದೆ ತಿದ್ದಿದರೆ ಬದಲಾಗುವುದು ಆ ಕಾಯ್ದೆಯ ವಿವಾಹಾಧಿಕಾರಿಯ ಕೆಲಸ. ಅವರು ಸರ್ಕಾರಿ ನೌಕರರು, ಒಲ್ಲೆ ಎನ್ನುವಂತಿಲ್ಲ. ಪಾಸ್ಟರ್ ಆ ಕಾಯ್ದೆಯಡಿ ಬರುವುದೇ ಇಲ್ಲ. 1872ರ ಕಾಯ್ದೆಯನ್ನೇ ತಿದ್ದಿದರೂ 5ನೇ ಕಲಂ ಪಾದ್ರಿಗೆ ಕೊಟ್ಟ ಅಧಿಕಾರ ‘ತನ್ನ ಸಭೆಯ ನಿಯಮದ ಪ್ರಕಾರ’ ಎಂಬ ಷರತ್ತಿನೊಂದಿಗಿದೆ. ಜೊತೆಗೆ ಧಾರ್ಮಿಕ ವಿಷಯವನ್ನು ತಾನೇ ನಿರ್ವಹಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 26ನೇ ವಿಧಿ ಪಂಗಡಗಳಿಗೆ ಕೊಟ್ಟಿದೆ. ಇವತ್ತಿಗೂ ವಿಚ್ಛೇದಿತ ಕೆಥೋಲಿಕರಿಗೆ ಚರ್ಚಿನಲ್ಲಿ ಎರಡನೇ ಮದುವೆ ಮಾಡಿಸಿ ಎಂದು ಯಾವ ಕೋರ್ಟೂ ಫಾದರ್‌ಗೆ ಆದೇಶಿಸಿಲ್ಲ. ಇಂಗ್ಲೆಂಡಿನಲ್ಲಿ ಸಲಿಂಗ ಮದುವೆಗೆ ಅವಕಾಶ ಕೊಟ್ಟ 2013ರ ಕಾಯ್ದೆ ಇನ್ನೂ ಗಟ್ಟಿ: ಧಾರ್ಮಿಕ ಸಂಸ್ಥೆ ತಾನಾಗಿ ಒಪ್ಪಿ ಮುಂದೆ ಬಂದರಷ್ಟೇ ಅಲ್ಲಿ ಮಾಡಬಹುದು, ಚರ್ಚ್ ಆಫ್ ಇಂಗ್ಲೆಂಡಿನ ವಿಧಿಯನ್ನಂತೂ ಕಾಯ್ದೆಯೇ ಹೊರಗಿಟ್ಟಿದೆ. ಅದು ರಾಜ್ಯದ ಅಧಿಕೃತ ಚರ್ಚಾದ್ದರಿಂದ ಪ್ಯಾರಿಷ್ ನಿವಾಸಿಗಳಿಗೆ ಮದುವೆ ಮಾಡಿಸುವ ಹೊಣೆ ಅದರ ಮೇಲಿದೆ, ಹಾಗಾಗಿ ಬೇರೆಯೇ ಬೀಗ ಬೇಕಾಯಿತು. ಡೆನ್ಮಾರ್ಕಿನ ರಾಷ್ಟ್ರೀಯ ಚರ್ಚಿನಲ್ಲಿ 2012ರಿಂದ ಸಲಿಂಗ ಮದುವೆ ನಡೆಯುತ್ತದೆ, ಅಲ್ಲೂ ಒಲ್ಲೆ ಎನ್ನುವ ಪಾದ್ರಿಗೆ ಒತ್ತಾಯವಿಲ್ಲ.

ದಸ್ತಾವೇಜು_ದಫ್ತರ (ಯಾದಗಿರಿ)

ಕಾಗದಪತ್ರದ ಭಾಗ ನನಗೆ ಬಿಡಿ.

ಮೊದಲನೆಯದು ಮೃತ್ಯುಪತ್ರ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯ. ಮದುವೆಯಾಗದ, ಮಕ್ಕಳಿಲ್ಲದ ಕ್ರೈಸ್ತ ವ್ಯಕ್ತಿ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ತಂದೆ ಇದ್ದರೆ ಎಲ್ಲವೂ ತಂದೆಗೆ. ತಂದೆ ಇಲ್ಲದಿದ್ದರೆ ತಾಯಿ, ಅಣ್ಣತಮ್ಮ, ಅಕ್ಕತಂಗಿಯರಿಗೆ ಸಮಪಾಲು. ಮೂವತ್ತು ವರ್ಷ ಜೊತೆಗಿದ್ದ ಸಂಗಾತಿಗೆ ಸೊನ್ನೆ. ಬರೆಯಲು ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಬರೆದವರ ಸಹಿ, ಅದನ್ನು ನೋಡಿದ ಇಬ್ಬರು ಸಾಕ್ಷಿಗಳ ಸಹಿ. ನೋಂದಣಿ ಕಡ್ಡಾಯವಲ್ಲ, ಆದರೆ ಮನೆಯವರು ತಕರಾರು ತೆಗೆಯುವ ಸಾಧ್ಯತೆ ಇರುವ ಕಡೆ ನೋಂದಾಯಿಸಿ ಎಂದೇ ನನ್ನ ಸಲಹೆ.

ಇಲ್ಲಿ ಎರಡು ಗುಂಡಿಗಳಿವೆ. ಯಾರಿಗೆ ಆಸ್ತಿ ಬರೆಯುತ್ತೀರೋ ಅವರನ್ನೇ ಸಾಕ್ಷಿ ಮಾಡಿದರೆ 67ನೇ ಕಲಮಿನ ಪ್ರಕಾರ ಅವರಿಗೆ ಬರೆದ ಭಾಗ ಬಿದ್ದುಹೋಗುತ್ತದೆ. ಸಂಗಾತಿ ಪಕ್ಕದಲ್ಲೇ ಇದ್ದಾರಲ್ಲ ಎಂದು ಸಹಿ ಹಾಕಿಸುವುದು ಸಹಜ, ಹಾಗೆ ಮಾಡಬೇಡಿ. ಎರಡನೆಯದು 69ನೇ ಕಲಂ: ಮೃತ್ಯುಪತ್ರ ಬರೆದ ಕ್ರೈಸ್ತ ವ್ಯಕ್ತಿ ಆಮೇಲೆ ಮದುವೆಯಾದರೆ ಹಳೆಯ ಮೃತ್ಯುಪತ್ರ ತಾನಾಗಿ ರದ್ದು. ಮನೆಯವರ ಒತ್ತಾಯಕ್ಕೆ ಬೇರೆ ಮದುವೆಗೆ ಒಪ್ಪಿದವರ ಹಳೆಯ ಕಾಗದ ಆ ದಿನವೇ ಸತ್ತಂತೆ. ಈ ಎರಡೂ ಕಲಂ ಹಿಂದೂಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಹಿಂದೂ ಗೆಳೆಯನ ಮೃತ್ಯುಪತ್ರ ನೋಡಿ ನಕಲು ಮಾಡಬೇಡಿ.

ಬ್ಯಾಂಕ್: ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ತಡೆಯೂ ಇಲ್ಲ ಎಂದು ಕೇಂದ್ರ ಹಣಕಾಸು ಸೇವೆಗಳ ಇಲಾಖೆ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಕೌಂಟರಿನಲ್ಲಿ ಬರುವುದಿಲ್ಲ ಎಂದರೆ ಆ ಸೂಚನೆಯ ಪ್ರತಿ ಇಟ್ಟು, ಕಾರಣ ಬರೆದುಕೊಡಿ ಎಂದು ಕೇಳಿ. ಆದರೆ ನಾಮಿನಿ ಎಂದರೆ ಮಾಲೀಕ ಅಲ್ಲ. ಹಣ ತೆಗೆದುಕೊಂಡು ವಾರಸುದಾರರಿಗೆ ಒಪ್ಪಿಸಬೇಕಾದವರು, ಅಷ್ಟೇ. ಷೇರುಗಳಿಗೂ ಇದೇ ನಿಯಮವೆಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿತು. ಹಾಗಾಗಿ ನಾಮಿನಿ ಹೆಸರೂ ಮೃತ್ಯುಪತ್ರದ ಹೆಸರೂ ಒಂದೇ ಇರಲಿ.

ಪಡಿತರ ಚೀಟಿ: ಇಂಥ ಸಂಗಾತಿಗಳನ್ನು ಒಂದೇ ಕುಟುಂಬವೆಂದು ಪರಿಗಣಿಸಿ ಎಂದು ಕೇಂದ್ರ ಆಹಾರ ಇಲಾಖೆ 2024ರಲ್ಲಿ ರಾಜ್ಯಗಳಿಗೆ ಬರೆದಿದೆ. ಹತ್ತಿರದ ಬಂಧು ಸಿಗದಾಗ ಶವವನ್ನು ಸಂಗಾತಿ ಪಡೆಯಬಹುದು ಎಂದು ಆರೋಗ್ಯ ಸಚಿವಾಲಯವೂ ಬರೆಯಿತು. ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ದಾಖಲಾದ, ಸಂಪುಟ ಕಾರ್ಯದರ್ಶಿ ನೇತೃತ್ವದ ಸಮಿತಿಯ ಕೆಲಸದ ಭಾಗವಾಗಿ ಬಂದವು ಇವು. ಕಾಯ್ದೆಗಳಲ್ಲ, ಪತ್ರಗಳು. ಒತ್ತಿ ಕೇಳಲು ಆಧಾರವಾಗುತ್ತವೆ, ಅದಕ್ಕಿಂತ ಹೆಚ್ಚು ನೆಚ್ಚಬೇಡಿ.

ಆಸ್ಪತ್ರೆ: ಮಾನಸಿಕ ಆರೋಗ್ಯದ ಚಿಕಿತ್ಸೆಗೆ 2017ರ ಕಾಯ್ದೆಯ 14ನೇ ಕಲಂ ಸಾಕು, ಬಿಳಿ ಹಾಳೆಯಲ್ಲಿ ‘ಇವರು ನನ್ನ ನಾಮನಿರ್ದೇಶಿತ ಪ್ರತಿನಿಧಿ’ ಎಂದು ಬರೆದು ಸಹಿ ಅಥವಾ ಹೆಬ್ಬೆಟ್ಟು. ರಕ್ತಸಂಬಂಧ ಇರಬೇಕೆಂದಿಲ್ಲ. ಗುಣವಾಗದ ಕಾಯಿಲೆಯ ಕೊನೆಯ ಹಂತದ ಚಿಕಿತ್ಸೆ ಬಗ್ಗೆ ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಬಹುದು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ನಿಮ್ಮ ಪರವಾಗಿ ತೀರ್ಮಾನಿಸುವವರ ಹೆಸರು. ಸಾಮಾನ್ಯ ಆಪರೇಷನ್ನಿನ ಒಪ್ಪಿಗೆಗೆ ಇದು ನಡೆಯುವುದಿಲ್ಲ.

ಜಮೀನು-ಮನೆ: ಕೊಳ್ಳುವಾಗಲೇ ಇಬ್ಬರ ಹೆಸರಿನಲ್ಲಿ, ಯಾರ ಪಾಲು ಎಷ್ಟು ಎಂದು ಬರೆಸಿ ಖರೀದಿಪತ್ರ ಮಾಡಿಸಿ. ಆಮೇಲೆ ದಾನಪತ್ರ ಮಾಡುತ್ತೇನೆಂದರೆ ಕುಟುಂಬದವರಿಗೆ ಕರ್ನಾಟಕದಲ್ಲಿ ಇರುವ ಕಡಿಮೆ ಮುದ್ರಾಂಕ ಶುಲ್ಕ ಸಂಗಾತಿಗೆ ಸಿಗದು. ಆದಾಯ ತೆರಿಗೆಯಲ್ಲೂ ಸಂಗಾತಿ ‘ಸಂಬಂಧಿ’ ಅಲ್ಲ, ವರ್ಷಕ್ಕೆ 50,000 ರೂಪಾಯಿ ಮೀರಿದ ಉಡುಗೊರೆ ಪಡೆದವರ ಆದಾಯಕ್ಕೆ ಸೇರುತ್ತದೆ. ಮೃತ್ಯುಪತ್ರದಿಂದ ಬಂದದ್ದಕ್ಕೆ ಈ ತೆರಿಗೆ ಇಲ್ಲ. ಮುಖ್ತ್ಯಾರ್‌ನಾಮೆ ಕೊಟ್ಟಿದ್ದೇನೆ, ಸಾಕು ಎನ್ನುವವರಿಗೆ: ಕೊಟ್ಟವರು ಸತ್ತ ಕ್ಷಣ ಅದರ ಬಲ ಮುಗಿಯಿತು.

ದತ್ತು: ಜೋಡಿಯಾಗಿ ಆಗದು, ಎರಡು ವರ್ಷದ ಸ್ಥಿರ ದಾಂಪತ್ಯ ಬೇಕೆಂಬ ನಿಯಮವನ್ನು 2023ರ ಬಹುಮತ ಉಳಿಸಿದೆ. ಒಬ್ಬರೇ ಅರ್ಜಿ ಹಾಕಬಹುದು. ಒಂಟಿ ಹೆಂಗಸಿಗೆ ಗಂಡು ಹೆಣ್ಣು ಯಾವ ಮಗುವಾದರೂ ಸರಿ, ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ.

ಕಪ್ಪು_ಕೋಟು (ಕಲಬುರಗಿ)

ಇದಕ್ಕೆ ಒಂದು ಸೇರಿಸುತ್ತೇನೆ. ಮನೆಯವರು ‘ಕಾಣೆಯಾಗಿದ್ದಾರೆ’ ಎಂದು ದೂರು ಕೊಟ್ಟು ಎಳೆದೊಯ್ಯುವ ಭಯವಿದ್ದರೆ ಸುಪ್ರಿಯೋ ತೀರ್ಪಿನ ಪೊಲೀಸ್ ನಿರ್ದೇಶನಗಳನ್ನು ಹಿಡಿದು ಠಾಣೆಗೆ ಹೋಗಬೇಡಿ. ಅವು ಅಲ್ಪಮತದ ತೀರ್ಪಿನಲ್ಲಿವೆ, ಬಂಧಿಸುವುದಿಲ್ಲ. ಉಪಯೋಗಕ್ಕೆ ಬರುವುದು 2024ರ ಮಾರ್ಚ್ 11ರ ದೇವು ಜಿ. ನಾಯರ್ ಪ್ರಕರಣ. ಹೇಬಿಯಸ್ ಕಾರ್ಪಸ್ (ಅಕ್ರಮವಾಗಿ ಹಿಡಿದಿಟ್ಟ ವ್ಯಕ್ತಿಯನ್ನು ಕೋರ್ಟಿಗೆ ಹಾಜರುಪಡಿಸಿ ಎಂಬ) ಅರ್ಜಿ ಬಂದಾಗ ನ್ಯಾಯಾಧೀಶರು ವ್ಯಕ್ತಿಯ ಇಚ್ಛೆಯನ್ನು ನೇರವಾಗಿ ಕೇಳಬೇಕು, ಮನಸ್ಸು ಬದಲಿಸುವ ಕೌನ್ಸೆಲಿಂಗ್‌ಗೆ ಕಳಿಸಬಾರದು ಎಂದು ಅಲ್ಲಿ ಹೈಕೋರ್ಟ್‌ಗಳಿಗೆ ಮಾರ್ಗಸೂಚಿ ಕೊಟ್ಟಿದ್ದಾರೆ. ಅದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ, 2013ರಿಂದ ಕಲಬುರಗಿಯಲ್ಲೇ ಹೈಕೋರ್ಟಿನ ಕಾಯಂ ಪೀಠವಿದೆ.

ಬಿದರಿ_ಹೂಜಿ (ಬೀದರ್)

ಕಡೀಗೊಂದು. ಇಂಥ ಜೋಡಿಯಾಗ ಒಬ್ಬರು ತಮ್ಮ ತಂಗಿ ಮದುವ್ಯಾಗ ಚರ್ಚಿನಾಗ ಸಾಕ್ಷಿ ನಿಂದ್ರಬಹುದೇನು? ಕೆಥೋಲಿಕ್ ಮದುವಿ.

ರಿಜಿಸ್ಟರ್_ಪುಸ್ತಕ (ಕಲಬುರಗಿ)

ನಿಲ್ಲಬಹುದು. ಇದೇ ಪ್ರಶ್ನೆಯನ್ನು ಬ್ರೆಜಿಲಿನ ಧರ್ಮಾಧ್ಯಕ್ಷರೊಬ್ಬರು ರೋಮಿಗೆ ಕೇಳಿದ್ದರು. 2023ರ ಅಕ್ಟೋಬರ್ 31ರ ಉತ್ತರ: ಸಂಗಾತಿಯೊಂದಿಗೆ ವಾಸಿಸುವ ಸಲಿಂಗಿ ವ್ಯಕ್ತಿ ಮದುವೆಗೆ ಸಾಕ್ಷಿಯಾಗುವುದನ್ನು ತಡೆಯುವ ನಿಯಮ ಈಗಿನ ಕ್ಯಾನನ್ ಸಂಹಿತೆಯಲ್ಲಿ ಇಲ್ಲ. ಸಾಕ್ಷಿಗೆ ಬೇಕಾದದ್ದು ನಡೆದದ್ದನ್ನು ಕಂಡು ಅರಿತು ಹೇಳಬಲ್ಲ ಶಕ್ತಿ. ಸರ್ಕಾರದ ರಿಜಿಸ್ಟರಿಗೂ ನಂಬಲರ್ಹ ಸಾಕ್ಷಿ ಆದರೆ ಸಾಕು. ಆಧಾರ್ ಪ್ರತಿ ತರಲಿ, ಹೆಸರು ಅದರಲ್ಲಿರುವಂತೆಯೇ ಬರೆಯಲಿ.